ಟಾಪಿನ ಮೇಲೆ ತೆಂಗಿನಕಾಯಿ, ಬಂಪರಿಗೆ ಆಟೊ: ಕ್ಲೈಮ್ ಒಂದೋ, ಎರಡೋ, ಯಾವುದೂ ಬೇಡವೋ?

ಪ್ರಶ್ನೆ: ನಾನು ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿರುವ ನಿವೃತ್ತ ಉಪನ್ಯಾಸಕ. ನನ್ನದು 1,197 ಸಿ.ಸಿ.ಯ, ಬೆಳ್ಳಿ ಬಣ್ಣದ ಪೆಟ್ರೋಲ್ ಕಾರು. ಕೊಂಡು ಮೂರು ವರ್ಷ ನಾಲ್ಕು ತಿಂಗಳಾಯಿತು. ಇದುವರೆಗೆ ಒಂದು ಕ್ಲೈಮನ್ನೂ ಮಾಡಿಲ್ಲವಾದ್ದರಿಂದ ಈಗಿನ ಪಾಲಿಸಿಯಲ್ಲಿ ಶೇ 35ರ ನೋ ಕ್ಲೈಮ್ ಬೋನಸ್ ಸಿಕ್ಕಿದೆ. ಸ್ವಂತ ಹಾನಿಯ ಭಾಗದ ಪ್ರೀಮಿಯಂ ಬೋನಸ್ ಕಳೆಯುವ ಮೊದಲು 8,000 ರೂಪಾಯಿ. ಭಾಗಗಳು ಹಳತಾದ ಸವಕಳಿಯನ್ನು ಕಳೆಯದೆ ಹಣ ಕೊಡುವ ಜೀರೊ ಡಿಪ್ರಿಸಿಯೇಷನ್ ರಕ್ಷಣೆಯನ್ನು ಈ ಸಲ ತೆಗೆದುಕೊಂಡಿಲ್ಲ. ಇಪ್ಪತ್ತು ದಿನಗಳ ಹಿಂದೆ ಗುಬ್ಬಿ ತಾಲ್ಲೂಕಿನಲ್ಲಿರುವ ಭಾವಮೈದುನನ ತೋಟದಲ್ಲಿ ಕಾರು ನಿಲ್ಲಿಸಿದ್ದಾಗ ಟಾಪಿನ ಮೇಲೆ ತೆಂಗಿನಕಾಯಿ ಬಿದ್ದು ದೊಡ್ಡದಾಗಿ ನೆಗ್ಗಿತು. ಬಣ್ಣ ಮಾತ್ರ ಎದ್ದಿಲ್ಲ. ಕಳೆದ ವಾರ ಬಿ.ಎಚ್. ರಸ್ತೆಯಲ್ಲಿ ಆಟೊ ಒಂದು ಹಿಂದಿನ ಬಂಪರಿಗೆ ಉಜ್ಜಿ ಬಂಪರು ಒಂದು ಮೂಲೆಯಲ್ಲಿ ಸೀಳಿತು. ಚಾಲಕ ಐನೂರು ರೂಪಾಯಿ ಕೊಡಲು ಬಂದ, ನಾನು ತೆಗೆದುಕೊಳ್ಳಲಿಲ್ಲ. ಸರ್ವಿಸ್ ಸೆಂಟರಿನವರು ಎರಡಕ್ಕೂ ಸೇರಿ ತೆರಿಗೆ ಬಿಟ್ಟು 23,800 ರೂಪಾಯಿಯ ಎಸ್ಟಿಮೇಟ್ ಕೊಟ್ಟು, "ಎರಡನ್ನೂ ಒಂದೇ ಆಕ್ಸಿಡೆಂಟ್ ಎಂದು ಬರೆಯೋಣ, ನಿಮಗೆ ಅನುಕೂಲ" ಎನ್ನುತ್ತಿದ್ದಾರೆ. ಅಂತರಸನಹಳ್ಳಿ ಕಡೆಯ ಟಿಂಕರಿಂಗ್ ಅಂಗಡಿಯವರು ಟಾಪನ್ನು ಬಣ್ಣ ಹೊಡೆಯದೆ 3,500ಕ್ಕೆ ಎತ್ತುತ್ತೇವೆ, ಬಂಪರನ್ನು ಬೆಸೆದು ಬಣ್ಣ ಹೊಡೆಯಲು ಇನ್ನೊಂದು 3,500 ಎನ್ನುತ್ತಾರೆ. ಮುಂದಿನ ವರ್ಷ ಈ ಕಾರು ಮಾರಿ ದೊಡ್ಡದೊಂದನ್ನು ಕೊಳ್ಳುವ ಆಲೋಚನೆಯೂ ಇದೆ. ಏನು ಮಾಡಲಿ?

ಉತ್ತರ: ಮಾನ್ಯರೇ, ನೀವು ಕ್ಲೈಮ್ ಮಾಡಬೇಕೇ ಎಂದು ಕೇಳಿದ್ದೀರಿ. ಆದರೆ ಅದಕ್ಕೆ ಮೊದಲು ತೀರ್ಮಾನವಾಗಬೇಕಾದದ್ದು, ಟಾಪಿಗೆ ನಿಜವಾಗಿ ಯಾವ ರಿಪೇರಿ ಬೇಕು ಎಂಬುದು. ನಷ್ಟ ಸಮೀಕ್ಷೆಯ, ಅಂದರೆ ಜನ ಸರ್ವೇಯರ್ ಎಂದು ಕರೆಯುವ ಕೆಲಸದಲ್ಲಿ ಬಹಳ ವರ್ಷ ಇದ್ದವನಾಗಿ ನಾನು ಕಂಡಿರುವುದು ಇದು: ಹೆಚ್ಚಿನವರು ಮೊದಲು ಕ್ಲೈಮ್ ಹಾಕುತ್ತಾರೆ, ರಿಪೇರಿ ಯಾವುದೆಂಬುದು ಆಮೇಲೆ ಗ್ಯಾರೇಜಿನಲ್ಲಿ ನಿಶ್ಚಯವಾಗುತ್ತದೆ, ಆ ನಿಶ್ಚಯ ಸಹಜವಾಗಿಯೇ ದೊಡ್ಡ ಬಿಲ್ಲಿನ ಕಡೆಗೆ ವಾಲುತ್ತದೆ. ನಿಮ್ಮ ಕೈಯಲ್ಲಿ 23,800 ಮತ್ತು 7,000 ಎಂಬ ಎರಡು ಅಂಕಿಗಳಿವೆ. ಇವು ಒಂದೇ ಕೆಲಸಕ್ಕೆ ಇಬ್ಬರು ಹೇಳಿದ ದರಗಳಲ್ಲ, ಎರಡು ಬೇರೆ ಬೇರೆ ಕೆಲಸಗಳ ದರಗಳು.

ಮೊದಲು ಟಾಪನ್ನು ನೋಡೋಣ. ಕಾರಿನ ಹೊರತಗಡು ಸುಮಾರು 0.7 ಮಿಲಿಮೀಟರ್ ದಪ್ಪದ ಉಕ್ಕು. ಇಪ್ಪತ್ತು ಮೀಟರ್ ಎತ್ತರದ ಮರದಿಂದ ಕಳಚಿದ ಕಾಯಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ಸಿಪ್ಪೆ ಸಮೇತದ ಕಾಯಿಯ ತೂಕ ಒಂದು ಕಿಲೋಗೂ ಮೇಲಿರುವುದು ಸಾಮಾನ್ಯ. ಆದರೂ ಬಣ್ಣ ಏಳದೆ ಉಳಿದಿದೆ ಎಂದರೆ ಸಿಪ್ಪೆಯ ನಾರು ಹೊಡೆತವನ್ನು ಅಗಲಕ್ಕೆ ಹರಡಿದೆ ಎಂದರ್ಥ. ಅಷ್ಟೇ ತೂಕದ ಕಲ್ಲು ಬಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಹೀಗೆ ಅಗಲವಾಗಿ, ತಟ್ಟೆಯಂತೆ ತಗ್ಗಾದ ಕಡೆ ತಗಡಿನ ಬಹುಭಾಗ ನಿಜವಾಗಿ ಹಿಗ್ಗಿರುವುದಿಲ್ಲ. ನಡುವಿನ ಸ್ವಲ್ಪ ಜಾಗ ಮತ್ತು ತಗ್ಗಿನ ಅಂಚಿನ ಮಡಿಕೆ ಮಾತ್ರ ಹಿಗ್ಗಿದ್ದು, ಉಳಿದ ಭಾಗವನ್ನು ಅವು ಹಿಡಿದಿಟ್ಟುಕೊಂಡಿರುತ್ತವೆ. ಅನುಭವಿ ಕೆಲಸಗಾರ ಮೊದಲು ಆ ಅಂಚಿನ ಬಿಗಿಯನ್ನು ಹಗುರಾಗಿ ತಟ್ಟಿ ಸಡಿಲಿಸುತ್ತಾನೆ, ಆಮೇಲೆ ಒಳಗಿನಿಂದ ಸಲಾಕೆಯಲ್ಲಿ ಒತ್ತಿ ಅಥವಾ ಹೊರಗಿನಿಂದ ಅಂಟಿನ ಬಿಲ್ಲೆ ಹಚ್ಚಿ ಎಳೆದು ತಗಡನ್ನು ಅದರ ಮೊದಲ ಬಾಗಿಗೆ ತರುತ್ತಾನೆ. ಬಣ್ಣ ಹೊಡೆಯದೆ ನೆಗ್ಗು ತೆಗೆಯುವ ಈ ವಿಧಾನವನ್ನೇ ಗ್ಯಾರೇಜುಗಳಲ್ಲಿ ಪಿಡಿಆರ್ ಎನ್ನುತ್ತಾರೆ.

ಇದು ಎಲ್ಲ ನೆಗ್ಗಿಗೂ ಒಗ್ಗುವುದಿಲ್ಲ. ಕತ್ತಲಾದ ಮೇಲೆ ಒಂದು ಟಾರ್ಚನ್ನು ಟಾಪಿಗೆ ತೀರಾ ಓರೆಯಾಗಿ ಹಿಡಿದು ನೋಡಿ. ತಗ್ಗಿನೊಳಗೆ ಜೇಡರ ಬಲೆಯ ಎಳೆಗಳಂಥ ಸಣ್ಣ ಬಿರುಕು ಕಂಡರೆ ಬಣ್ಣದ ಮೇಲ್ಪದರ ಒಡೆದಿದೆ. ಎಳೆಯುವಾಗ ಅದು ಹೆಪ್ಪಳಿಕೆಯಾಗಿ ಏಳುತ್ತದೆ, ಆಗ ಬಣ್ಣ ಹೊಡೆಯದೆ ವಿಧಿಯಿಲ್ಲ. ತಗ್ಗಿನ ನಡುವೆ ಚೂಪಾದ ಗೆರೆಯೊಂದು ಅಡ್ಡ ಹಾಯ್ದಿದ್ದರೆ ಕಾಯಿ ಟಾಪಿನ ಕೆಳಗಿನ ಅಡ್ಡಪಟ್ಟಿಯ ಮೇಲೆಯೇ ಬಿದ್ದಿದೆ ಎಂದು ತಿಳಿಯಬೇಕು. ಅಲ್ಲಿ ಸಲಾಕೆ ಹೋಗುವುದಿಲ್ಲ, ಪೂರ್ತಿ ಸರಿಹೋಗುವ ಭರವಸೆಯೂ ಕಡಿಮೆ. ಈ ಎರಡೂ ಇಲ್ಲದಿದ್ದರೆ ಟಿಂಕರಿಂಗ್ ಅಂಗಡಿಯವರ ಮಾತು ಸರಿ, ಆದರೆ ಅವರನ್ನು ಎರಡು ವಿಷಯ ಕೇಳಲೇಬೇಕು. ಒಂದು, ಒಳಗಿನ ಬಟ್ಟೆಯ ಲೈನಿಂಗನ್ನು ಇಳಿಸಿ ಒತ್ತುತ್ತೀರಾ, ಇಲ್ಲ ಹೊರಗಿನಿಂದಲೇ ಎಳೆಯುತ್ತೀರಾ ಎಂಬುದು. ನಿಮ್ಮ ಕಾರಿನಲ್ಲಿ ಪಕ್ಕದ ಕರ್ಟನ್ ಏರ್‌ಬ್ಯಾಗ್‌ಗಳಿದ್ದರೆ ಅವು ಲೈನಿಂಗಿನ ಅಂಚಿನಲ್ಲೇ ಮಡಿಸಿಟ್ಟಿರುತ್ತವೆ. ಅವುಗಳ ಪರಿಚಯವಿಲ್ಲದವರ ಕೈಗೆ ಲೈನಿಂಗ್ ಬಿಚ್ಚಲು ಕೊಡಬೇಡಿ. ಎರಡು, ತಗಡಿಗೆ ಸ್ಟಡ್ ಎಂಬ ಸಣ್ಣ ಮೊಳೆಗಳನ್ನು ಬೆಸೆದು ಎಳೆಯುತ್ತೀರಾ ಎಂಬುದು. ಹೌದೆಂದರೆ ಅದು ಬಣ್ಣ ಉಳಿಸುವ ಕೆಲಸವೇ ಅಲ್ಲ. ಸ್ಟಡ್ ಬೆಸೆಯಲು ಬಣ್ಣವನ್ನು ಮೊದಲೇ ಕೆರೆಯಬೇಕಾಗುತ್ತದೆ, ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ ಎಲ್ಲವೂ ಬಂದೇ ಬರುತ್ತವೆ. ಬಿಸಿನೀರು ಸುರಿದು ಹೀರುಬಟ್ಟಲಿನಿಂದ ಎಳೆಯುವ ವಿಡಿಯೊಗಳನ್ನು ನೀವೂ ನೋಡಿರಬಹುದು. ಬಿಸಿನೀರು ಪ್ಲಾಸ್ಟಿಕ್ ಬಂಪರನ್ನು ಮೆದುಗೊಳಿಸುತ್ತದೆ ನಿಜ, ಉಕ್ಕಿನ ಟಾಪಿನ ಮೇಲೆ ಅದು ಅಭಿಷೇಕವಾದೀತೇ ಹೊರತು ರಿಪೇರಿಯಾಗದು.

ಕಾರ್ಖಾನೆಯ ಬಣ್ಣ ಉಳಿಯುವುದರ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ, ಏಕೆಂದರೆ ನೀವು ಕಾರನ್ನು ಮಾರುವವರು. ಕಾರ್ಖಾನೆಯಿಂದ ಬಂದ ಬಣ್ಣದ ಎಲ್ಲ ಪದರಗಳೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತವೆ. ಪುಟ್ಟಿ ತುಂಬಿ ಬಣ್ಣ ಹೊಡೆದ ಜಾಗದಲ್ಲಿ ಅದು ಅನೇಕ ನೂರು ಮೈಕ್ರಾನ್ ಆಗುತ್ತದೆ. ಹಳೆಯ ಕಾರು ಕೊಳ್ಳುವ ಕಂಪನಿಗಳ ಪರೀಕ್ಷಕರು ಜೇಬಿನಲ್ಲಿ ಇದನ್ನು ಅಳೆಯುವ ಮೀಟರ್ ಇಟ್ಟುಕೊಂಡೇ ಬರುತ್ತಾರೆ. ಬಂಪರಿಗೆ ಬಣ್ಣ ಹೊಡೆದಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಟಾಪಿನಲ್ಲಿ ಅಂಕಿ ಏರಿದರೆ ಕಾರು ಮಗುಚಿತ್ತೇ ಎಂಬ ಸಂಶಯದಿಂದ ಮಾತು ಶುರುವಾಗುತ್ತದೆ. ಅಲ್ಲದೆ ನಿಮ್ಮದು ಲೋಹದ ಪುಡಿ ಬೆರೆತ ಬೆಳ್ಳಿ ಬಣ್ಣ. ಗನ್ನಿನ ಒತ್ತಡ, ದೂರ, ತಿನ್ನರಿನ ಪ್ರಮಾಣ ಸ್ವಲ್ಪ ವ್ಯತ್ಯಾಸವಾದರೂ ಪುಡಿ ಕೂರುವ ಕೋನ ಬದಲಾಗಿ, ನೆರಳಿನಲ್ಲಿ ಒಂದಾಗಿ ಕಾಣುವ ಬಣ್ಣ ಬಿಸಿಲಿನಲ್ಲಿ ಎರಡಾಗಿ ಕಾಣುತ್ತದೆ. ಹೊಂದಿಸಲು ಪಕ್ಕದ ಭಾಗಗಳಿಗೂ ಸ್ವಲ್ಪ ಬಣ್ಣ ಹಾಯಿಸಬೇಕಾಗುತ್ತದೆ, ಎಂದರೆ ಟಾಪಿನ ಕೆಲಸ ಪಿಲ್ಲರುಗಳವರೆಗೂ ಇಳಿಯುತ್ತದೆ.

ಬಂಪರಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಸಾಮಾನ್ಯವಾಗಿ ಅದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಬೆಸುಗೆಗೆ ಒಗ್ಗುತ್ತದೆ. ಸೀಳು ಮೂಲೆಯ ಚರ್ಮಕ್ಕಷ್ಟೇ ಸೀಮಿತವಾಗಿ, ಹಿಡಿದು ನಿಲ್ಲಿಸುವ ಕೊಂಡಿಗಳು ಮುರಿಯದೆ ಇದ್ದರೆ ಬೆಸೆಯುವುದೇ ಸಾಕು. ಕೊಂಡಿ ಮುರಿದಿದ್ದರೆ ಹೊಸ ಬಂಪರು ಹಾಕಿಸಿ, ಇಲ್ಲವಾದರೆ ಆರು ತಿಂಗಳಲ್ಲಿ ಜೋತುಬೀಳುತ್ತದೆ. ಪಾರ್ಕಿಂಗ್ ಸೆನ್ಸರ್ ಆ ಮೂಲೆಯಲ್ಲಿದ್ದರೆ ಅದರ ಮೇಲೆ ಪುಟ್ಟಿಯಾಗಲಿ ದಪ್ಪನೆಯ ಬಣ್ಣವಾಗಲಿ ಕೂರದಂತೆ ಹೇಳಿ.

ಈಗ ವಿಮೆಗೆ ಬರೋಣ. ತೆಂಗಿನಕಾಯಿ ಬಿದ್ದದ್ದು ಪಾಲಿಸಿಯಲ್ಲಿ ಎಲ್ಲಿ ಬರುತ್ತದೆ ಎಂಬ ಸಂಶಯ ನಮ್ಮ ಜಿಲ್ಲೆಯಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ತಿಪಟೂರು, ಗುಬ್ಬಿ, ತುರುವೇಕೆರೆ ಕಡೆ ಮದುವೆಗೆ ಹೋದವರಿಗೆ ತೆಂಗಿನ ಮರದ ನೆರಳೇ ಪಾರ್ಕಿಂಗ್ ಜಾಗವಲ್ಲವೇ. ಖಾಸಗಿ ಕಾರುಗಳ ಪಾಲಿಸಿಯ ಸ್ವಂತ ಹಾನಿಯ ಭಾಗದಲ್ಲಿ ಬೆಂಕಿ, ಸಿಡಿಲು, ಕಳವು, ಗಲಭೆ, ಪ್ರವಾಹ, ಭೂಕಂಪ, ಭೂಕುಸಿತ ಮೊದಲಾದವುಗಳ ಜೊತೆಗೆ ಹೊರಗಿನ ಕಾರಣದಿಂದ ಆಕಸ್ಮಿಕವಾಗಿ ಆಗುವ ಹಾನಿ ಎಂಬ ಬಾಬತ್ತು ಇದೆ. ಕಾಯಿ, ಗರಿ, ಕೊಂಬೆ, ಅಡ್ಡಬಂದ ದನ ಎಲ್ಲವೂ ಅದರೊಳಗೆ ಬರುತ್ತವೆ. ಯಾರಿಗೂ ಪೆಟ್ಟಾಗದ ಇಂಥ ಪ್ರಕರಣಕ್ಕೆ ಎಫ್‌ಐಆರ್ ಬೇಕಾಗುವುದಿಲ್ಲ.

ಹಣ ಎಷ್ಟು ಬರುತ್ತದೆ ಎಂಬುದು ಬೇರೆ ಮಾತು. ನೀವು ಕಳುಹಿಸಿದ ಎಸ್ಟಿಮೇಟಿನಲ್ಲಿ ಟಾಪಿಗೆ ಟಿಂಕರಿಂಗ್ 4,000, ಬಣ್ಣ 9,000. ಬಂಪರಿಗೆ ಹೊಸ ಭಾಗ 6,000, ಬಣ್ಣ 4,000, ಜೋಡಣೆ 800 ಎಂದಿದೆ. ಟಿಂಕರಿಂಗ್ ಕೂಲಿಗೆ ಸವಕಳಿ ಕಡಿತವಿಲ್ಲ. ಬಣ್ಣದ ಬಿಲ್ಲಿನಲ್ಲಿ ಕೂಲಿ ಮತ್ತು ಸಾಮಗ್ರಿ ಬೇರೆ ಮಾಡಿ ತೋರಿಸದಿದ್ದರೆ ಅದರ ಶೇ 25ನ್ನು ಸಾಮಗ್ರಿ ಎಂದು ಹಿಡಿದು, ಆ ಸಾಮಗ್ರಿಯ ಮೇಲೆ ಶೇ 50 ಕಡಿತ ಮಾಡುವುದು ಕ್ರಮ. ಆದ್ದರಿಂದ 9,000ದಲ್ಲಿ 1,125 ಹೋಗುತ್ತದೆ, 4,000ದಲ್ಲಿ 500. ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಕಾರಿನ ವಯಸ್ಸು ಎಷ್ಟೇ ಇರಲಿ ಶೇ 50 ಸವಕಳಿ, ಹಾಗಾಗಿ ಬಂಪರಿನ 6,000ದಲ್ಲಿ 3,000 ನಿಮ್ಮ ಮೇಲೇ ಬೀಳುತ್ತದೆ. ಗಾಜಿಗೆ ಸವಕಳಿಯಿಲ್ಲ. ತಗಡನ್ನೇ ಬದಲಿಸುವುದಾದರೆ ಮೂರರಿಂದ ನಾಲ್ಕು ವರ್ಷದ ನಡುವಿನ ನಿಮ್ಮ ಕಾರಿಗೆ ಶೇ 25 ಕಡಿತ. ಇದರ ಮೇಲೆ, 1,500 ಸಿ.ಸಿ.ವರೆಗಿನ ಕಾರಿಗೆ ಪ್ರತಿ ಕ್ಲೈಮಿನಲ್ಲಿಯೂ 1,000 ರೂಪಾಯಿಯನ್ನು ಮಾಲೀಕ ಕಡ್ಡಾಯವಾಗಿ ಹೊರಬೇಕು. ಜೀರೊ ಡಿಪ್ರಿಸಿಯೇಷನ್ ಇದ್ದರೂ ಈ ಸಾವಿರ ತಪ್ಪುವುದಿಲ್ಲ. ಇವೆಲ್ಲ ಕಳೆದರೆ ಟಾಪಿಗೆ 10,875, ಬಂಪರಿಗೆ 6,300, ಒಟ್ಟು 17,175 ರೂಪಾಯಿ ಕಂಪನಿಯಿಂದ ಬಂದೀತು. ನಿಮ್ಮ ಪಾಲು 6,625.

ಇಲ್ಲಿಗೆ ನಿಲ್ಲಿಸಿದರೆ ಕ್ಲೈಮೇ ಲಾಭ ಎನಿಸುತ್ತದೆ. ಏಜೆಂಟರ ಲೆಕ್ಕ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುವುದೂ ಹೌದು. ಆದರೆ ನೋ ಕ್ಲೈಮ್ ಬೋನಸ್ ಒಂದು ವರ್ಷಕ್ಕೆ ಮಾತ್ರ ಹೋಗುವುದಲ್ಲ, ಮೆಟ್ಟಿಲ ಮೇಲಿನಿಂದ ನೆಲಕ್ಕೆ ಇಳಿದು ಮತ್ತೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಆ ಮೆಟ್ಟಿಲುಗಳು ಶೇ 20, 25, 35, 45, 50. ಕ್ಲೈಮ್ ಮಾಡದಿದ್ದರೆ ಮುಂದಿನ ನವೀಕರಣದಲ್ಲಿ ನಿಮಗೆ ಶೇ 45 ಸಿಕ್ಕಿ 8,000ದ ಜಾಗದಲ್ಲಿ 4,400 ಕಟ್ಟುತ್ತೀರಿ. ಮಾಡಿದರೆ ಪೂರ್ತಿ 8,000, ಎಂದರೆ ವ್ಯತ್ಯಾಸ 3,600. ಅದರ ಮುಂದಿನ ವರ್ಷ ಶೇ 50 ಎದುರಿಗೆ ಶೇ 20, ವ್ಯತ್ಯಾಸ 2,400. ಆಮೇಲೆ 2,000, 1,200, 400. ಆರನೆಯ ವರ್ಷಕ್ಕೆ ಎರಡೂ ಸಮ. ಕೂಡಿದರೆ 9,600. ಕಾರಿನ ಮೌಲ್ಯ ಇಳಿದಂತೆ ಮೂಲ ಪ್ರೀಮಿಯಮ್ಮೂ ಇಳಿಯುವುದರಿಂದ ನಿಜವಾದ ಅಂಕಿ ಇದಕ್ಕಿಂತ ಸ್ವಲ್ಪ ಕಡಿಮೆಯಾಗಬಹುದು. ಮತ್ತೊಂದು ಕಡೆ, 2007ರ ಜನವರಿಯಿಂದ ಸ್ವಂತ ಹಾನಿಯ ದರವನ್ನು ಕಂಪನಿಗಳೇ ಗೊತ್ತುಪಡಿಸಿಕೊಳ್ಳಲು ಬಿಟ್ಟಿರುವುದರಿಂದ ಕ್ಲೈಮಿನ ಚರಿತ್ರೆ ನೋಡಿ ಮೂಲ ದರವನ್ನೇ ಏರಿಸುವುದೂ ಉಂಟು. ಹಾಗಾಗಿ 9,600ನ್ನೇ ಇಟ್ಟುಕೊಳ್ಳೋಣ. ಕ್ಲೈಮ್ ದಾರಿಯಲ್ಲಿ ನಿಮ್ಮ ನಿಜವಾದ ಖರ್ಚು 6,625 ಮತ್ತು 9,600, ಎಂದರೆ 16,225 ರೂಪಾಯಿ. ಟಿಂಕರಿಂಗ್ ಅಂಗಡಿಯ ದಾರಿಯಲ್ಲಿ 7,000.

ಈ ಲೆಕ್ಕವನ್ನು ತಿರುಗಿಸಿಯೂ ನೋಡಬೇಕು. ಟಾರ್ಚ್ ಹಿಡಿದಾಗ ಬಿರುಕು ಕಂಡು, ಬಂಪರಿನ ಕೊಂಡಿಯೂ ಮುರಿದಿದ್ದು, 23,800ದ ಕೆಲಸವೇ ಅನಿವಾರ್ಯವಾದರೆ ಆಗ 16,225 ಖರ್ಚಿನ ಕ್ಲೈಮ್ ದಾರಿ ಅಗ್ಗ. ಟಾಪೊಂದಕ್ಕೇ ಕ್ಲೈಮ್ ಹಾಕಿದರೆ 10,875 ಪಡೆದು 9,600 ಕಳೆದುಕೊಂಡಂತೆ, ಅಷ್ಟಕ್ಕೆ ಓಡಾಟ ವ್ಯರ್ಥ. ಒಮ್ಮೆ ಒಂದು ಕ್ಲೈಮ್ ಆದ ಮೇಲೆ ಅದೇ ಪಾಲಿಸಿ ಅವಧಿಯ ಎರಡನೆಯ ಕ್ಲೈಮಿನಿಂದ ಬೋನಸ್ ಎರಡನೆಯ ಸಲ ಹೋಗುವುದಿಲ್ಲ, ಹೋಗಲು ಅಲ್ಲಿ ಏನೂ ಉಳಿದಿರುವುದಿಲ್ಲ.

ಇಲ್ಲಿಯೇ ಸರ್ವಿಸ್ ಸೆಂಟರಿನವರು ಹೇಳಿದ 'ಅನುಕೂಲ'ದ ಮಾತನ್ನೂ ಅಳೆಯಬಹುದು. ಎರಡು ಘಟನೆಗಳನ್ನು ಒಂದೆಂದು ಬರೆದರೆ ಬೋನಸ್ಸಿನಲ್ಲಿ ಏನೂ ಉಳಿಯುವುದಿಲ್ಲ, ಸವಕಳಿಯಲ್ಲಿ ಏನೂ ಉಳಿಯುವುದಿಲ್ಲ. ಉಳಿಯುವುದು ಎರಡನೆಯ ಕ್ಲೈಮಿನ ಕಡ್ಡಾಯ ಪಾಲು, ಒಂದು ಸಾವಿರ ರೂಪಾಯಿ ಮಾತ್ರ. ಆ ಸಾವಿರಕ್ಕಾಗಿ ನೀವು ಕ್ಲೈಮ್ ಫಾರಮ್ಮಿನ ಕೆಳಗೆ, ಮೇಲಿನದೆಲ್ಲ ಸತ್ಯ ಎಂದು ಸಹಿ ಹಾಕುತ್ತೀರಿ. ಸಹಿ ಅವರದಲ್ಲ, ನಿಮ್ಮದು. ಸುಳ್ಳು ವಿವರ ಎಂದು ಕಂಡುಬಂದರೆ ಕಂಪನಿ ಆ ಕ್ಲೈಮನ್ನು ಪೂರ್ತಿ ತಳ್ಳಿಹಾಕಬಹುದು, ಪಾಲಿಸಿಯನ್ನೇ ರದ್ದುಪಡಿಸಲು ಹೊರಡಬಹುದು. ಕಂಡುಬರುತ್ತದೆಯೇ ಎಂದು ನೀವು ಕೇಳಬಹುದು. ಟಾಪಿನ ನಡುವೆ ಮೇಲಿನಿಂದ ಬಿದ್ದ ಗುಂಡನೆಯ ತಗ್ಗು, ಹಿಂದಿನ ಮೂಲೆಯಲ್ಲಿ ಅಡ್ಡಡ್ಡ ಉಜ್ಜಿದ ಗೆರೆ: ಇವೆರಡನ್ನೂ ಒಟ್ಟಿಗೆ ಉಂಟುಮಾಡುವ ಅಪಘಾತವನ್ನು ಕಲ್ಪಿಸಿಕೊಳ್ಳುವುದು ಕಥೆಗಾರನಿಗೂ ಕಷ್ಟ. ಸರ್ವೇಯರ್ ನೋಡುವುದು ಗೀರು ಯಾವ ದಿಕ್ಕಿಗೆ ಎಳೆದಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ, ಸೀಳಿನೊಳಗೆ ಧೂಳು ಕೂತಿದೆಯೇ, ಬಯಲಾದ ಉಕ್ಕಿಗೆ ತುಕ್ಕು ಹಿಡಿದಿದೆಯೇ, ಎದುರು ವಾಹನದ ಬಣ್ಣ ಅಂಟಿದೆಯೇ ಎಂಬುದನ್ನು. ಹಿಂದೊಮ್ಮೆ ಒಬ್ಬರು ಮನೆಯ ಗೇಟಿನ ಕಂಬಕ್ಕೆ ತಗುಲಿತು ಎಂದು ಬರೆದುಕೊಟ್ಟಿದ್ದರು. ಬಂಪರಿನ ಗೀರಿನೊಳಗೆ ಆಟೊಗಳ ಹಸಿರು ಹಳದಿ ಎರಡೂ ಎದ್ದು ಕಾಣುತ್ತಿದ್ದವು. ನಿಜವನ್ನೇ ಬರೆದಿದ್ದರೂ ಅವರಿಗೆ ಅಷ್ಟೇ ಹಣ ಬರುತ್ತಿತ್ತು. ಗ್ಯಾರೇಜಿನ ಯಾರೋ ಒಬ್ಬರು ಹಾಗೆ ಬರೆಸಿದ್ದರು ಎಂಬುದು ಆಮೇಲೆ ತಿಳಿಯಿತು, ಅಷ್ಟು ಹೊತ್ತಿಗೆ ಕಡತ ತನಿಖೆಗೆ ಹೋಗಿತ್ತು.

ಆದ್ದರಿಂದ ಕ್ಲೈಮ್ ಮಾಡಲೇಬೇಕಾದರೆ ಎರಡು ಬೇರೆ ಕ್ಲೈಮ್ ಸಂಖ್ಯೆ ಪಡೆಯಿರಿ, ಎರಡು ದಿನಾಂಕ, ಎರಡು ಜಾಗ ಬರೆಯಿರಿ. ಇಪ್ಪತ್ತು ದಿನ ತಡವಾಗಿದೆ ಎಂದು ಟಾಪಿನ ದಿನಾಂಕವನ್ನು ಮುಂದಕ್ಕೆ ತಳ್ಳುವ ಮನಸ್ಸಾಗಬಹುದು, ಹಾಗೆ ಮಾಡಬೇಡಿ. ತಕ್ಷಣ ತಿಳಿಸಬೇಕು ಎಂಬ ಷರತ್ತು ಪಾಲಿಸಿಯಲ್ಲಿದೆ ನಿಜ. ಆದರೆ ತಡ ಎಂಬ ಒಂದೇ ಕಾರಣಕ್ಕೆ, ತಡಕ್ಕೆ ಏನು ಕಾರಣ ಎಂದು ನೋಡದೆ, ನಿಜವಾದ ಕ್ಲೈಮುಗಳನ್ನು ಯಾಂತ್ರಿಕವಾಗಿ ತಿರಸ್ಕರಿಸಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2011ರ ಸೆಪ್ಟೆಂಬರ್ 20ರಂದೇ ಕಂಪನಿಗಳಿಗೆ ಸುತ್ತೋಲೆ ಕಳುಹಿಸಿದೆ. ಬಣ್ಣ ಏಳದಿದ್ದರಿಂದ ಸ್ವಂತ ಖರ್ಚಿನಲ್ಲಿ ಸರಿಪಡಿಸುವ ವಿಚಾರದಲ್ಲಿದ್ದೆ, ಎಸ್ಟಿಮೇಟ್ ಬಂದ ಮೇಲೆ ತಿಳಿಸುತ್ತಿದ್ದೇನೆ ಎಂದು ಇದ್ದದ್ದನ್ನು ಇದ್ದಂತೆ ಬರೆಯಿರಿ. ತೋಟದಲ್ಲಿ ಅಂದು ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರೆ ಅದರಲ್ಲಿ ದಿನಾಂಕ ತಾನಾಗಿಯೇ ದಾಖಲಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಕೊಡದೆ ಮೂಲ ಚಿತ್ರವನ್ನೇ ಉಳಿಸಿಕೊಳ್ಳಿ.

ಸಮೀಕ್ಷೆ ಆಗುವವರೆಗೆ ಬಂಪರನ್ನು ಬಿಚ್ಚಿಸಬೇಡಿ. ಹಾನಿ 50,000 ರೂಪಾಯಿಗಿಂತ ಕಡಿಮೆಯಿರುವ ನಿಮ್ಮಂಥ ಪ್ರಕರಣದಲ್ಲಿ ಪರವಾನಗಿ ಪಡೆದ ಸರ್ವೇಯರೇ ಬರಬೇಕೆಂಬ ಕಡ್ಡಾಯವಿಲ್ಲ. ಕಂಪನಿಯ ನೌಕರರೇ ನೋಡಬಹುದು, ಅಥವಾ ಆ್ಯಪಿನಲ್ಲಿ ವಿಡಿಯೊ ತೆಗೆದು ಕಳುಹಿಸಿ ಎನ್ನಬಹುದು. ವಿಡಿಯೊ ತೆಗೆಯುವಾಗ ನಂಬರ್ ಪ್ಲೇಟಿನಿಂದ ಆರಂಭಿಸಿ ನಿಲ್ಲಿಸದೆ ಹಾನಿಯ ಜಾಗಕ್ಕೆ ಬನ್ನಿ, ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆಯಿರಿ. ನಡುಮಧ್ಯಾಹ್ನದಲ್ಲಿ ಬೆಳ್ಳಿ ಬಣ್ಣದ ಟಾಪಿನ ನೆಗ್ಗು ಕ್ಯಾಮೆರಾಕ್ಕೆ ಕಾಣುವುದೇ ಇಲ್ಲ. ಕಂಪನಿಯ ಪಟ್ಟಿಯಲ್ಲಿರುವ ಗ್ಯಾರೇಜಾದರೆ ಕ್ಯಾಶ್‌ಲೆಸ್, ಅಂದರೆ ನಿಮ್ಮ ಪಾಲನ್ನಷ್ಟೇ ಕಟ್ಟಿ ಕಾರು ತರಬಹುದು. ಪಟ್ಟಿಯಲ್ಲಿಲ್ಲದ ಅಂಗಡಿಯಲ್ಲೂ ಮಾಡಿಸುವ ಹಕ್ಕು ನಿಮಗಿದೆ. ಆಗ ಸಮೀಕ್ಷೆ ಮುಗಿದು ಒಪ್ಪಿಗೆ ಬಂದ ಮೇಲೆ ಕೆಲಸ ಶುರುವಾಗಬೇಕು, ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲು ಮತ್ತು ಹಣ ಕಟ್ಟಿದ ರಸೀದಿ ಇರಬೇಕು. ಬಿಳಿ ಚೀಟಿಯಲ್ಲಿ ಮೊತ್ತ ಬರೆದುಕೊಡುವ ಅಂಗಡಿಯಾದರೆ ಅಲ್ಲಿ ಕೈಖರ್ಚಿನ ಕೆಲಸ ಮಾತ್ರ ಮಾಡಿಸಿ.

ಕಂಪನಿ ಒಪ್ಪಿದ ಮೊತ್ತ ಅನ್ಯಾಯವೆನಿಸಿದರೆ ಸಮೀಕ್ಷಾ ವರದಿಯ ಪ್ರತಿಯನ್ನು ಬರಹದಲ್ಲಿ ಕೇಳಿ. ಸರ್ವೇಯರ್ ವರದಿಗೆ ಮಹತ್ವವಿದ್ದರೂ ಅದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದೆ. ನನ್ನ ವೃತ್ತಿಬಾಂಧವರಿಗೆ ಇದು ರುಚಿಸದಿದ್ದರೂ ಮಾತು ಸರಿಯಾದದ್ದೇ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು; ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಜಿಲ್ಲಾ ಗ್ರಾಹಕ ಆಯೋಗ ತುಮಕೂರಿನಲ್ಲೇ ಇದೆ, ಅಲ್ಲಿಗೆ ಹೋಗಲು ಎರಡು ವರ್ಷದ ಕಾಲಮಿತಿ. ನಿಮ್ಮ ಪ್ರಕರಣ ಅಷ್ಟು ದೂರ ಹೋಗುವಂಥದ್ದಲ್ಲ.

ಆಟೊ ಚಾಲಕನ ಐನೂರನ್ನು ತೆಗೆದುಕೊಳ್ಳದೆ ಬಂದದ್ದು ಒಳ್ಳೆಯದೇ ಆಯಿತು. ತಪ್ಪು ಅವನದಾದರೆ ಅವನ ಥರ್ಡ್ ಪಾರ್ಟಿ ವಿಮೆಯಿಂದ ನಿಮ್ಮ ಬಂಪರಿನ ನಷ್ಟ ಕೇಳಲು ಕಾನೂನಿನಲ್ಲಿ ಅವಕಾಶವಿದೆ; ಆದರೆ ಅದು ಮೋಟಾರು ಅಪಘಾತ ನ್ಯಾಯಮಂಡಳಿಯ ದಾರಿ, ಬಂಪರೊಂದಕ್ಕೆ ಯಾರೂ ಹಿಡಿಯುವುದಿಲ್ಲ. ಸ್ವಂತ ಖರ್ಚಿನಲ್ಲಿ ಮಾಡಿಸುವುದಾದರೆ ಅವನಿಂದ ಏನಾದರೂ ಪಡೆಯುವುದರಲ್ಲಿ ತೊಂದರೆಯಿಲ್ಲ. ಕ್ಲೈಮ್ ಮಾಡುವುದಾದರೆ ಮಾತ್ರ, ಪೂರ್ಣ ಪರಿಹಾರ ಮುಟ್ಟಿದೆ ಎಂಬ ಯಾವ ಚೀಟಿಗೂ ಸಹಿ ಹಾಕಬಾರದು. ನಿಮಗೆ ಹಣ ಕೊಟ್ಟ ಮೇಲೆ ಅವನಿಂದ ವಸೂಲು ಮಾಡುವ ಹಕ್ಕು ವಿಮಾ ಕಂಪನಿಗೆ ಸೇರುತ್ತದೆ, ಅದನ್ನು ನೀವು ಮೊದಲೇ ಬಿಟ್ಟುಕೊಟ್ಟಂತಾಗುತ್ತದೆ.

ಉಳಿದದ್ದು ಕಾರು ಮಾರುವ ವಿಚಾರ. ನನ್ನ ತೀರ್ಮಾನವನ್ನು ಗಟ್ಟಿ ಮಾಡುವುದೇ ಇದು. ಕಾರು ಹೇಗೂ ಹೋಗುತ್ತದೆ, ಬೋನಸ್ ಇದ್ದರೇನು ಬಿಟ್ಟರೇನು ಎಂದು ಅನೇಕರು ಭಾವಿಸುತ್ತಾರೆ. ಬೋನಸ್ ಸೇರಿದ್ದು ಕಾರಿಗಲ್ಲ, ಮಾಲೀಕನಿಗೆ. ಮುಂದಿನ ನವೀಕರಣವಾಗಿ ಶೇ 45 ಸಿಕ್ಕ ಮೇಲೆ ಕಾರು ಮಾರಿದರೆ ಆ ಶೇ 45 ನಿಮ್ಮ ಜೊತೆ ಹೊಸ ಕಾರಿಗೆ ಬರುತ್ತದೆ. ಹೊಸದಾದ, ದೊಡ್ಡ ಕಾರಿನ ಸ್ವಂತ ಹಾನಿಯ ಪ್ರೀಮಿಯಂ 20,000 ಎಂದುಕೊಂಡರೆ ಮೊದಲ ವರ್ಷವೊಂದರಲ್ಲೇ 9,000 ರೂಪಾಯಿ ಉಳಿಯಿತು. ಈಗ ಕ್ಲೈಮ್ ಮಾಡಿದರೆ ಆ ಉಳಿತಾಯ ಸೊನ್ನೆ. ಮೇಲಿನ 9,600ದ ಲೆಕ್ಕ ಹಳೆಯ ಕಾರನ್ನೇ ಇಟ್ಟುಕೊಳ್ಳುವವರದು. ನಿಮ್ಮ ಮಟ್ಟಿಗೆ ನಷ್ಟ ಅದಕ್ಕಿಂತ ಹೆಚ್ಚು. ಆದ್ದರಿಂದ ಬಣ್ಣದಲ್ಲಿ ಬಿರುಕಿಲ್ಲವೆಂದು ಖಚಿತವಾದರೆ ಟಾಪನ್ನು ಬಣ್ಣ ಹೊಡೆಸದೆ ಎತ್ತಿಸಿ, ಬಂಪರನ್ನು ಬೆಸೆಸಿ, ಕ್ಲೈಮ್ ಬೇಡ. ಅಂತರಸನಹಳ್ಳಿಯವರು ಈ ಹಿಂದೆ ಎತ್ತಿದ ಒಂದು ಟಾಪನ್ನೋ ಬಾನೆಟ್ಟನ್ನೋ ತೋರಿಸುವಂತೆ ಕೇಳಿ. ಟ್ಯೂಬ್‌ಲೈಟಿನ ಪ್ರತಿಬಿಂಬ ಅದರ ಮೇಲೆ ಅಲುಗದೆ ನೇರವಾಗಿ ಬಿದ್ದರೆ ಕೈ ಪಳಗಿದೆ ಎಂದು ತಿಳಿಯಬಹುದು. ತೋರಿಸಲು ಹಿಂಜರಿದರೆ ಎಪ್ಪತ್ತು ಕಿಲೋಮೀಟರ್ ಹೋಗಿ ಬೆಂಗಳೂರಿನಲ್ಲಿ ಇದೊಂದೇ ಕೆಲಸ ಮಾಡುವವರಿಗೆ ತೋರಿಸುವುದು ಲೇಸು. ಟಾಪಿನ ಕೆಲಸ ಒಮ್ಮೆ ಕೆಟ್ಟರೆ ಮತ್ತೆ ಬಣ್ಣಕ್ಕೇ ಬರಬೇಕಾಗುತ್ತದೆ. ಜೊತೆಗೆ, ಪಾಲಿಸಿ ಮುಗಿದ ದಿನದಿಂದ 90 ದಿನದೊಳಗೆ ನವೀಕರಿಸದಿದ್ದರೆ ಗಳಿಸಿದ ಬೋನಸ್ಸೆಲ್ಲ ತಾನಾಗಿಯೇ ಅಳಿದುಹೋಗುತ್ತದೆ ಎಂಬುದು ನೆನಪಿರಲಿ.

ಕಾರು ಮಾರಿದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾದ ಆರ್‌ಸಿಯ ಪ್ರತಿಯನ್ನು ವಿಮಾ ಕಂಪನಿಗೆ ಕೊಟ್ಟು ಬೋನಸ್ ಕಾಯ್ದಿರಿಸಿದ ಪತ್ರವನ್ನು ಪಡೆಯಿರಿ. ಅದು ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಆಗ ನಿಮ್ಮ ಬೋನಸ್ಸಿನ ರಿಯಾಯಿತಿ ಅವರಿಗೆ ಸಲ್ಲುವುದಿಲ್ಲವಾದ್ದರಿಂದ ಉಳಿದ ಅವಧಿಯ ವ್ಯತ್ಯಾಸವನ್ನು ಅವರು ಕಟ್ಟಬೇಕಾಗುತ್ತದೆ. ಇದನ್ನು ವ್ಯವಹಾರದ ಮಾತಿನಲ್ಲೇ ತಿಳಿಸಿಬಿಡಿ. ಹೊಸ ಕಾರಿನ ಶೋರೂಮಿನವರು ವಿಮೆಯ ಮೊತ್ತವನ್ನೂ ಸೇರಿಸಿ ಬರೆದ ಕೊಟೇಷನ್ ಮುಂದಿಡುವಾಗ, ಬೋನಸ್ ಕಳೆದಿದ್ದಾರೆಯೇ ಎಂದು ನೋಡಿ, ಇಲ್ಲವಾದರೆ ಆ ಪತ್ರವನ್ನು ಕೊಟ್ಟು ಪಾಲಿಸಿ ಮುದ್ರಣವಾಗುವ ಮೊದಲೇ ತಿದ್ದಿಸಿ.